ಬರೆದುಕೊಡದೆ ಸಹಾಯ ಮಾಡಬಹುದಾದ ಹೋಂವರ್ಕ್ ಕೊಡಿ

ಇಂಗ್ಲಿಷ್ ಪಾಠ ಮಾಡುವ ಎಲ್ಲ ಮೇಷ್ಟ್ರಿಗೂ ಮೇಡಂಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಕೊಟ್ಟ ಹೋಂವರ್ಕ್ ಮನೆಗೆ ಬಂದ ಮೇಲೆ ಮಗುವಿನ ಪಕ್ಕದಲ್ಲಿ ಇನ್ನೊಬ್ಬರು ಬಂದು ಕೂರುತ್ತಾರೆ. ಅಪ್ಪನೋ ಅಮ್ಮನೋ, ಕಾಲೇಜಿಗೆ ಹೋಗುವ ಅಕ್ಕನೋ, ಟ್ಯೂಷನ್ ಹೇಳುವವರೋ. ಯಾರೂ ಇಲ್ಲದಿದ್ದರೆ ಫೋನ್ ಇದ್ದೇ ಇದೆ. ಆ ಪಕ್ಕದಲ್ಲಿ ಕೂರುವವರಲ್ಲಿ ನಾನೂ ಒಬ್ಬಳು. ನಮ್ಮ ಮನೆ ಮಕ್ಕಳಿಗೆ, ಅವರ ಜೊತೆ ಪುಸ್ತಕ ಹಿಡಿದು ಬರುವ ಮಕ್ಕಳಿಗೆ ಇಂಗ್ಲಿಷ್ ಗ್ರಾಮರ್, ಪದ್ಯ, ಪ್ರಬಂಧ ಎಲ್ಲಕ್ಕೂ ಸಹಾಯ ಮಾಡುತ್ತೇನೆ. ನಾನು ಟೀಚರ್ ಅಲ್ಲ. ಕ್ಲಾಸಿನಲ್ಲಿ ಅಷ್ಟೊಂದು ಮಕ್ಕಳನ್ನು ಸಂಭಾಳಿಸುವ ಕಷ್ಟ ನನಗೆ ಗೊತ್ತಿಲ್ಲ. ಆದರೆ ನಿಮ್ಮ ಪ್ರಶ್ನೆ ಮನೆಗೆ ಬಂದ ಮೇಲೆ ಅದಕ್ಕೆ ಏನಾಗುತ್ತದೆ ಅನ್ನೋದು ಚೆನ್ನಾಗಿ ಗೊತ್ತು. ಅದನ್ನು ನಿಮಗೆ ಹೇಳಬೇಕು ಅನ್ನಿಸಿತು.

ನಾನು ಕೇಳುವುದು ಇಷ್ಟೇ. ನಾವು ಬರೆದುಕೊಡದೆ ಸಹಾಯ ಮಾಡಲು ಸಾಧ್ಯವಾಗುವಂಥ ಹೋಂವರ್ಕ್ ಕೊಡಿ. ಈಗ ಬರುತ್ತಿರುವುದರಲ್ಲಿ ಜಾಸ್ತಿ ಪಾಲು ಹಾಗಿಲ್ಲ. ಅದಕ್ಕೆ ಸಹಾಯ ಮಾಡುವುದು ಅಂದರೆ ಬರೆದುಕೊಡುವುದು ಅಂತಲೇ ಆಗಿಬಿಟ್ಟಿದೆ.

ಉದಾಹರಣೆಗೆ ಪದ್ಯದ ಪ್ರಶ್ನೆಗಳನ್ನೇ ತೆಗೆದುಕೊಳ್ಳಿ. 'ಈ ಪದ್ಯದ ಮುಖ್ಯ ಆಶಯವೇನು?', 'ಕವಿ ನಮಗೆ ಯಾವ ಸಂದೇಶ ಕೊಡುತ್ತಾನೆ?' ಇಂಥ ಪ್ರಶ್ನೆ ನೋಡಿದ ತಕ್ಷಣ ಮಗು ಪದ್ಯದ ಕಡೆ ನೋಡುವುದಿಲ್ಲ, ನನ್ನ ಮುಖ ನೋಡುತ್ತದೆ. ಯಾಕೆಂದರೆ ಇದಕ್ಕೆ ಎಲ್ಲೋ ಒಂದು ರೆಡಿ ಉತ್ತರ ಇದೆ, ಅದು ದೊಡ್ಡವರ ಹತ್ತಿರ ಇರುತ್ತದೆ ಅಂತ ಅದಕ್ಕೆ ಗೊತ್ತು. ಅದು ತಿಳಿದಿರುವುದು ನಿಜವೇ. ಗೈಡ್‌ನಲ್ಲಿದೆ, ಹಿಂದಿನ ವರ್ಷದ ನೋಟ್ಸ್‌ನಲ್ಲಿದೆ, ಗೂಗಲ್‌ನಲ್ಲಿದೆ. ಇದು ಇವತ್ತಿನ ಕಾಯಿಲೆಯೂ ಅಲ್ಲ. ಅಮೆರಿಕದಲ್ಲಿ ಕ್ಲಿಫ್ಸ್ ನೋಟ್ಸ್ ಅನ್ನುವ ಗೈಡ್‌ಗಳು ಶುರುವಾಗಿದ್ದು 1958ರಲ್ಲಿ. ಮೊದಲು ಬಂದ 16 ಪುಸ್ತಕಗಳೂ ಶೇಕ್ಸ್‌ಪಿಯರ್ ನಾಟಕಗಳ ಮೇಲೆ. ಮೂಲ ಓದದೆ ಉತ್ತರ ಬರೆಯುವ ದಾರಿಯನ್ನು ಈಗಿನ ಮಕ್ಕಳು ಕಂಡುಹಿಡಿದದ್ದೇನಲ್ಲ.

ಉತ್ತರವನ್ನು ನಾವು ಹೇಳುತ್ತೇವೆ, ಮಗು ಬರೆಯುತ್ತದೆ, ನೀವು ಟಿಕ್ ಹಾಕಿ 'ಗುಡ್' ಅಂತ ಬರೆಯುತ್ತೀರಿ. ಮೂರು ಕಡೆಯವರಿಗೂ ಸಮಾಧಾನ. ಮಧ್ಯದಲ್ಲಿ ಪದ್ಯವನ್ನು ಮಾತ್ರ ಯಾರೂ ಓದಿರುವುದಿಲ್ಲ.

ಇದನ್ನು ಸುಮ್ನೆ ದೂರಿನ ಥರ ಹೇಳಿದರೆ ಸಾಲದು. ಒಂದು ಪದ್ಯವನ್ನೇ ಹತ್ತಿರದಿಂದ ನೋಡೋಣ. ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಬರೆದ 'ದ ರೋಡ್ ನಾಟ್ ಟೇಕನ್' ನಿಮಗೆಲ್ಲ ಗೊತ್ತು. ಕಾಡಿನಲ್ಲಿ ದಾರಿ ಎರಡಾಗಿ ಒಡೆದ ಕಡೆ ನಿಂತವನೊಬ್ಬ ಒಂದನ್ನು ಆರಿಸಿಕೊಳ್ಳುವ ಪದ್ಯ. 1915ರಲ್ಲಿ ಪತ್ರಿಕೆಯಲ್ಲಿ ಬಂತು, ಮರುವರ್ಷ ಅವನ ಕವನಸಂಕಲನದ ಮೊದಲ ಪದ್ಯವಾಯಿತು. ಇಪ್ಪತ್ತೇ ಸಾಲು. ಎಷ್ಟೋ ದೇಶಗಳ ಪಠ್ಯಪುಸ್ತಕದಲ್ಲಿದೆ. ಇದಕ್ಕೆ ಗೈಡ್ ಕೊಡುವ ಉತ್ತರ ನಿಮಗೆ ಬಾಯಿಪಾಠ ಬಂದಿರಬೇಕು: ಕವಿ ಜನ ಹೆಚ್ಚು ತುಳಿಯದ ದಾರಿ ಹಿಡಿದ, ಅದರಿಂದ ಜೀವನದಲ್ಲಿ ಗೆದ್ದ, ನಾವೂ ಹಾಗೆ ಧೈರ್ಯದಿಂದ ನಮ್ಮದೇ ದಾರಿ ಹಿಡಿಯಬೇಕು. ಎಲ್ಲರೂ ಇದನ್ನೇ ಬರೆಯುತ್ತಾರೆ, ಪೂರ್ತಿ ಅಂಕವೂ ಬರುತ್ತದೆ.

ಈಗ ಪದ್ಯ ತೆರೆಯಿರಿ. ಎರಡನೆಯ ಸ್ಟ್ಯಾಂಜಾದಲ್ಲಿ ಮೊದಲು ತಾನು ಹಿಡಿದ ದಾರಿಯಲ್ಲಿ ಹುಲ್ಲು ಜಾಸ್ತಿ ಇತ್ತು ಅನ್ನುತ್ತಾನೆ. ಮರುಕ್ಷಣವೇ ಮಾತು ಬದಲಿಸುತ್ತಾನೆ. ನಿಜ ಹೇಳಬೇಕೆಂದರೆ ಓಡಾಟದಿಂದ ಎರಡೂ ಹೆಚ್ಚುಕಡಿಮೆ ಒಂದೇ ಸಮ ಸವೆದಿದ್ದವು ಅನ್ನುತ್ತಾನೆ. ಮೂರನೆಯದರಲ್ಲಿ ಇನ್ನೂ ಸ್ಪಷ್ಟ. ಆ ಬೆಳಗ್ಗೆ ಎರಡೂ ದಾರಿಗಳ ಮೇಲೆ ಯಾರೂ ತುಳಿಯದ ಎಲೆಗಳು ಬಿದ್ದಿದ್ದವು. ಹಾಗಾದರೆ 'ಜನ ಕಡಿಮೆ ತುಳಿದ ದಾರಿ' ಎಲ್ಲಿಂದ ಬಂತು? ಅದು ಬರುವುದು ಕೊನೆಯ ಸ್ಟ್ಯಾಂಜಾದಲ್ಲಿ. ಅದೂ ನಡೆದದ್ದಾಗಿ ಅಲ್ಲ. ಮುಂದೆ ಯಾವತ್ತೋ, ಎಷ್ಟೋ ಕಾಲ ಕಳೆದ ಮೇಲೆ, ಒಂದು ನಿಟ್ಟುಸಿರು ಬಿಟ್ಟು ನಾನು ಹೀಗೆ ಹೇಳುತ್ತಿರುತ್ತೇನೆ ಅನ್ನುತ್ತಾನೆ. ಅಂದರೆ ಎರಡೂ ಒಂದೇ ಥರ ಇದ್ದವು ಅಂತ ಗೊತ್ತಿದ್ದವನೇ, ವಯಸ್ಸಾದ ಮೇಲೆ ಕಥೆಯನ್ನು ಬೇರೆ ಥರ ಹೇಳಲಿದ್ದಾನೆ. ಗೆದ್ದ ಅನ್ನುವ ಮಾತು ಪದ್ಯದಲ್ಲಿ ಎಲ್ಲೂ ಇಲ್ಲ. ನಿಟ್ಟುಸಿರು ಸಮಾಧಾನದ್ದೋ ವ್ಯಥೆಯದ್ದೋ ಅಂತಲೂ ಹೇಳಿಲ್ಲ. ಫ್ರಾಸ್ಟ್‌ಗೆ ಎಡ್ವರ್ಡ್ ಥಾಮಸ್ ಅಂತ ಒಬ್ಬ ಇಂಗ್ಲಿಷ್ ಕವಿ ಗೆಳೆಯನಿದ್ದ. ಇಬ್ಬರೂ ಒಟ್ಟಿಗೆ ವಾಕಿಂಗ್ ಹೋಗುತ್ತಿದ್ದರು. ಯಾವ ದಾರಿಯಲ್ಲಿ ಹೋದರೂ, ಅಯ್ಯೋ ಇನ್ನೊಂದು ಕಡೆ ಹೋಗಬೇಕಿತ್ತು ಅಂತ ಆಮೇಲೆ ಕೊರಗುವ ಅಭ್ಯಾಸ ಥಾಮಸ್‌ದು. ಅವನನ್ನು ಮನಸ್ಸಿನಲ್ಲಿಟ್ಟುಕೊಂಡು, ಸ್ವಲ್ಪ ಕಾಲೆಳೆಯಲು ಬರೆದ ಪದ್ಯವಿದು.

ಈ ಪದ್ಯದ ಬಗ್ಗೆ ಒಮ್ಮೆ ಒಬ್ಬ ಹುಡುಗಿಗೆ ಗೈಡ್ ಮುಚ್ಚಿಡಿಸಿ ಒಂದೇ ಪ್ರಶ್ನೆ ಕೇಳಿದೆ. ಎರಡು ದಾರಿಗಳಲ್ಲಿ ಯಾವುದು ಹೆಚ್ಚು ಸವೆದಿತ್ತು, ಸಾಲು ತೋರಿಸು ಅಂದೆ. ಅವಳು ಬೆರಳಿಟ್ಟು ಓದುತ್ತಾ ಹೋದಳು. ಹತ್ತನೆಯ ಸಾಲಿಗೆ ಬಂದು ನಿಂತಳು. ಮತ್ತೆ ಹಿಂದಕ್ಕೆ ಹೋದಳು. 'ಇವನು ಸುಳ್ಳು ಹೇಳ್ತಿದಾನೆ ಅಲ್ವಾ?' ಅಂದಳು. ಆಮೇಲೆ ಅವಳೇ, 'ಸುಳ್ಳಲ್ಲ, ನಮ್ಮ ತಾತನ ಥರ. ಹಳೇದನ್ನು ಹೇಳುವಾಗ ಜಾಸ್ತಿ ಸೇರಿಸಿ ಹೇಳ್ತಾರೆ' ಅಂದಳು. ಆ ಪದ್ಯದ ಬಗ್ಗೆ ನಾನು ಓದಿದ ಎಷ್ಟೋ ಟಿಪ್ಪಣಿಗಳಿಗಿಂತ ಇದು ಚೆನ್ನಾಗಿತ್ತು. ಆದರೆ ಮರುದಿನ ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿದ್ದು ಗೈಡ್‌ನ ಉತ್ತರವನ್ನೇ. ಕೇಳಿದ್ದಕ್ಕೆ, 'ಇದು ಬರೆದ್ರೆ ಮಾರ್ಕ್ಸ್ ಬರುತ್ತೆ' ಅಂದಳು. ಅವಳದ್ದು ಸರಿಯಾದ ಲೆಕ್ಕಾಚಾರವೇ. ನಾನು ಏನು ಹೇಳಲಿ?

ಮಕ್ಕಳು ಪದ್ಯವನ್ನು ತಪ್ಪಾಗಿ ಓದುತ್ತಾರೆ, ಅದಕ್ಕೇ ರೆಡಿ ಉತ್ತರ ಕೊಡುವುದು ಅಂತ ನೀವು ಅನ್ನಬಹುದು. ತಪ್ಪಾಗಿ ಓದುತ್ತಾರೆ, ಹೌದು. ದೊಡ್ಡವರೂ ಓದುತ್ತಾರೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ಅನ್ನುವ ಸಾಹಿತ್ಯ ವಿಮರ್ಶಕ ಕವಿಯ ಹೆಸರಿಲ್ಲದ ಪದ್ಯಗಳನ್ನು ಹಂಚಿ, ಓದಿ ಅನಿಸಿದ್ದು ಬರೆಯಿರಿ ಅಂದಿದ್ದ. ಬರೆದವರಲ್ಲಿ ಹೆಚ್ಚಿನವರು ಇಂಗ್ಲಿಷ್ ಸಾಹಿತ್ಯವನ್ನೇ ಓದಲು ಬಂದವರು, ಇಂಗ್ಲಿಷ್ ಮನೆಮಾತಾಗಿದ್ದವರು. ಅವರು ಎಡವಿದ್ದನ್ನೆಲ್ಲ ಸೇರಿಸಿ 1929ರಲ್ಲಿ ಅವನು ಒಂದು ಪುಸ್ತಕವನ್ನೇ ತಂದ. ಸಾಲಿನ ಸರಳ ಅರ್ಥವನ್ನೇ ಹಿಡಿಯದೆ ಹೋದವರಿದ್ದರು. ತಮ್ಮ ನೆನಪುಗಳನ್ನು ಪದ್ಯದೊಳಗೆ ತುರುಕಿದವರಿದ್ದರು. ಮೊದಲೇ ಗೊತ್ತಿದ್ದ ಅಭಿಪ್ರಾಯವನ್ನು ಪದ್ಯದ ಮೇಲೆ ಹೇರಿದವರೂ ಇದ್ದರು. ಅವನು ಅವರಿಗೆ ಉತ್ತರ ಬಾಯಿಪಾಠ ಮಾಡಿ ಅನ್ನಲಿಲ್ಲ. ತಪ್ಪು ಎಲ್ಲಿ ಆಗುತ್ತದೆ ಅಂತ ಹುಡುಕಿದ. ಮಗು ತಪ್ಪಾಗಿ ಓದಿದ ಉತ್ತರ ನಿಮ್ಮ ಕೈಗೆ ಬಂದರೆ ಅದರಿಂದ ಪಾಠ ಮಾಡಬಹುದು. ನಾನು ಬರೆದುಕೊಟ್ಟ ಸರಿ ಉತ್ತರದಿಂದ ನಿಮಗೆ ಏನು ಸಿಗುತ್ತದೆ?

ಹಾಗಾಗಿ ಸಂದೇಶ ಕೇಳಬೇಡಿ, ಸಾಲು ಕೇಳಿ. ಶೇಕ್ಸ್‌ಪಿಯರ್‌ನ 154 ಸಾನೆಟ್‌ಗಳು, ಅಂದರೆ ಚಿಕ್ಕ ಪದ್ಯಗಳು, ಪುಸ್ತಕವಾಗಿ ಬಂದದ್ದು 1609ರಲ್ಲಿ. ಅದರಲ್ಲಿ 18ನೆಯದು ಪ್ರಿಯ ವ್ಯಕ್ತಿಯನ್ನು ಬೇಸಿಗೆಯ ದಿನಕ್ಕೆ ಹೋಲಿಸಲೇ ಅಂತ ಶುರುವಾಗುತ್ತದೆ. ಸುಡುಬೇಸಿಗೆ ಕಂಡ ಮಗುವಿಗೆ ಅದು ಹೊಗಳಿಕೆಯೋ ಬೈಗುಳವೋ ಅಂತಲೇ ಗೊತ್ತಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಬೇಸಿಗೆ ಅಂದರೆ ಹಿತವಾದ ಕಾಲ, ಜನ ಕಾದು ಕೂರುವ ಕಾಲ. ಅಷ್ಟನ್ನು ಪಕ್ಕದಲ್ಲಿ ಕೂತವರು ಹೇಳಬಹುದು, ಹೇಳಬೇಕು. ಅದು ನಮ್ಮ ಕೆಲಸ. ಆಮೇಲೆ ನಿಮ್ಮ ಪ್ರಶ್ನೆ ಹೀಗಿದ್ದರೆ ಎಷ್ಟು ಚೆನ್ನ: 'ಬೇಸಿಗೆಯ ಯಾವ ಯಾವ ಕೊರತೆಗಳನ್ನು ಕವಿ ಎತ್ತಿ ಹೇಳುತ್ತಾನೆ? ಸಾಲಿನ ಸಮೇತ ಬರೆ. ಅದರಲ್ಲಿ ನಿನಗೆ ಬಲವಾದದ್ದು ಅನ್ನಿಸಿದ್ದು ಯಾವುದು?' ಗಾಳಿ ಮೊಗ್ಗುಗಳನ್ನು ಅಲ್ಲಾಡಿಸುತ್ತದೆ. ಬೇಸಿಗೆ ಬೇಗ ಮುಗಿಯುತ್ತದೆ. ಒಮ್ಮೊಮ್ಮೆ ಬಿಸಿಲು ಅತಿಯಾಗುತ್ತದೆ, ಒಮ್ಮೊಮ್ಮೆ ಸೂರ್ಯನೇ ಮಂಕಾಗುತ್ತಾನೆ. ಪುಸ್ತಕ ಮುಂದಿಟ್ಟುಕೊಂಡರೆ ಮಗು ಇದನ್ನೆಲ್ಲ ತಾನೇ ಹುಡುಕಬಲ್ಲದು. ನಾನು ಮಾಡಬೇಕಾದ್ದು 'ಎಲ್ಲಿದೆ, ತೋರಿಸು' ಅನ್ನುವುದಷ್ಟೇ. ಕೊನೆಯ ಭಾಗಕ್ಕಂತೂ ನಾನು ಉತ್ತರ ಕೊಡಲು ಬರುವುದೇ ಇಲ್ಲ, ಅದು ಅವಳದ್ದೇ ಆಗಬೇಕು. ಇಂಥ ಪ್ರಶ್ನೆ ಬಂದ ದಿನ ನನ್ನ ಕೆಲಸ ಹಗುರ.

ಇನ್ನು ಗ್ರಾಮರ್. ಇಲ್ಲಿ ತೊಂದರೆ ಬೇರೆ ಥರದ್ದು. ಇಲ್ಲಿ ನಾವು ಬರೆದುಕೊಡುವುದು ಕಡಿಮೆ, ಮಗುವೇ ಬರೆಯುತ್ತದೆ. ಆದರೆ ಯಂತ್ರದ ಹಾಗೆ ಬರೆಯುತ್ತದೆ. 'ಕೆಳಗಿನ ಇಪ್ಪತ್ತು ವಾಕ್ಯಗಳನ್ನು ಪ್ಯಾಸಿವ್‌ಗೆ ಬದಲಿಸಿ.' ಮೊದಲ ಎರಡಕ್ಕೆ ಸೂತ್ರ ಹೇಳಿಕೊಟ್ಟರೆ ಉಳಿದ ಹದಿನೆಂಟು ಬರೆಯಲು ತಲೆ ಬೇಕಿಲ್ಲ. ಹಿಂದಿದ್ದದ್ದು ಮುಂದೆ, ಮುಂದಿದ್ದದ್ದು ಹಿಂದೆ, ನಡುವೆ ಒಂದು 'ವಾಸ್', ಕೊನೆಗೆ ಒಂದು 'ಬೈ'. ಮುಗಿಯಿತು. ಇದನ್ನೆಲ್ಲ ಸರಿಯಾಗಿ ಬರೆದ ಹುಡುಗನನ್ನು, ಸೈಕಲ್ ಕಳುವಾಗಿದೆ ಅಂತ ಇಂಗ್ಲಿಷ್‌ನಲ್ಲಿ ಒಂದು ದೂರಿನ ಪತ್ರ ಬರೆ ಅಂದೆ. 'ಸಮ್‌ಬಡಿ ಸ್ಟೋಲ್ ಮೈ ಸೈಕಲ್' ಅಂತ ಶುರು ಮಾಡಿದ. ತಪ್ಪೇನಿಲ್ಲ. ಆದರೆ ಕದ್ದವನು ಯಾರು ಅಂತ ಗೊತ್ತಿಲ್ಲದಾಗ, ಸೈಕಲ್ಲೇ ಮುಖ್ಯವಾದಾಗ 'ಮೈ ಸೈಕಲ್ ವಾಸ್ ಸ್ಟೋಲನ್' ಅನ್ನಲಿಕ್ಕೇ ಪ್ಯಾಸಿವ್ ಇರುವುದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ ತಕ್ಷಣ, 'ಓ, ಇದಕ್ಕಾ ಅದು!' ಅಂದ. ಇಪ್ಪತ್ತು ವಾಕ್ಯ ಬರೆದಾಗ ಬರದ ಬೆಳಕು ಒಂದು ಸೈಕಲ್‌ಗೆ ಬಂತು.

ಇದು ನನ್ನೊಬ್ಬಳ ಅನಿಸಿಕೆಯೂ ಅಲ್ಲ. ಬರವಣಿಗೆಯಿಂದ ಬೇರ್ಪಡಿಸಿ ಗ್ರಾಮರ್ ಕಲಿಸಿದರೆ ಬರವಣಿಗೆ ಸುಧಾರಿಸುವುದಿಲ್ಲ ಅಂತ ಅಮೆರಿಕದ ಒಂದು ದೊಡ್ಡ ವರದಿ 1963ರಲ್ಲೇ ಹೇಳಿತ್ತು. ಆ ಸಮಯ ಬರೆಯುವ ಅಭ್ಯಾಸಕ್ಕೆ ಸಿಗದೆ ಹೋಗುವುದರಿಂದ ಹಾನಿಯೂ ಆಗಬಹುದು ಅಂತ ಸೇರಿಸಿತ್ತು. 2007ರಲ್ಲಿ ಸ್ಟೀವ್ ಗ್ರಹಾಂ, ಡೊಲೊರೆಸ್ ಪೆರಿನ್ ಅನ್ನುವ ಇಬ್ಬರು ಸಂಶೋಧಕರು 4ರಿಂದ 12ನೇ ತರಗತಿವರೆಗಿನ ಮಕ್ಕಳ ಬರವಣಿಗೆಯ ಮೇಲೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಗ್ರಾಮರ್ ಅಭ್ಯಾಸದಿಂದ ಲಾಭ ಕಾಣಲಿಲ್ಲ. ಆದರೆ ಸಣ್ಣ ವಾಕ್ಯಗಳನ್ನು ಜೋಡಿಸಿ ದೊಡ್ಡ ವಾಕ್ಯ ಮಾಡುವ ಅಭ್ಯಾಸದಿಂದ ಲಾಭ ಕಂಡಿತು. ಪ್ಲಾನ್ ಮಾಡಿ ಬರೆಯುವುದು, ಬರೆದದ್ದನ್ನು ತಿದ್ದುವುದು, ಸಾರಾಂಶ ಬರೆಯುವುದು ಇವುಗಳಿಂದಲೂ ಲಾಭ ಕಂಡಿತು.

ಈ ವಾಕ್ಯ ಜೋಡಿಸುವ ಕೆಲಸ ಹೋಂವರ್ಕ್‌ಗೆ ಹೇಳಿ ಮಾಡಿಸಿದ್ದು. ಎರಡೇ ವಾಕ್ಯ ಕೊಡಿ. 'ದ ಬಾಯ್ ವಾಸ್ ಟೈರ್ಡ್.' 'ಹಿ ಕೆಪ್ಟ್ ವಾಕಿಂಗ್.' ಇದನ್ನು ಮೂರು ಥರ ಜೋಡಿಸು ಅನ್ನಿ. 'ಬಟ್' ಹಾಕಿದರೆ ಒಂದು. 'ದೋ' ಮುಂದೆ ಇಟ್ಟರೆ ಇನ್ನೊಂದು. 'ಸೋ' ಹಾಕಿದರೆ ನಗು ಬರುತ್ತದೆ, ಯಾಕೆ ನಗು ಬಂತು ಅಂತ ಕೇಳಿದರೆ ಮಗು ತಾನೇ ವಿವರಿಸುತ್ತದೆ. 'ಟೈರ್ಡ್' ಅನ್ನುವ ಒಂದೇ ಮಾತನ್ನು ಮುಂದಿಟ್ಟು ಕಾಮಾ ಹಾಕಿದರೂ ವಾಕ್ಯ ನಿಲ್ಲುತ್ತದೆ ಅಂತ ಗೊತ್ತಾದಾಗ ಕೆಲವರ ಮುಖ ಅರಳುವುದನ್ನು ನೋಡಬೇಕು. ಪಕ್ಕದಲ್ಲಿ ಕೂತವರಿಗೂ ಇದರಲ್ಲಿ ಸರಿಯಾದ ಪಾತ್ರವಿದೆ. ಎರಡನ್ನೂ ಜೋರಾಗಿ ಓದಿ, 'ಯಾವುದರಲ್ಲಿ ಹುಡುಗ ಹೆಚ್ಚು ಗಟ್ಟಿ ಅನ್ನಿಸುತ್ತಾನೆ?' ಅಂತ ಕೇಳಬಹುದು. ಇಂಗ್ಲಿಷ್ ಅಷ್ಟಾಗಿ ಬರದ ಅಮ್ಮನೂ ಇದನ್ನು ಮಾಡಬಲ್ಲಳು.

ಗ್ರಾಮರ್ ಮಾತು ಬಂದಾಗ ಒಂದು ಸಣ್ಣ ವಿನಂತಿ. 'ಎ, ಇ, ಐ, ಓ, ಯು ಬಂದರೆ ಆ್ಯನ್ ಹಾಕು' ಅನ್ನುವ ಸೂತ್ರವನ್ನು ದಯವಿಟ್ಟು ಬಿಡಿ. ಅಕ್ಷರ ನೋಡಿ ಬರೆಯುವ ಮಗು 'ಆ್ಯನ್ ಯೂನಿವರ್ಸಿಟಿ' ಅಂತ ಬರೆಯುತ್ತದೆ, ಒಂದು ಗಂಟೆ ಅನ್ನಲು 'ಎ ಅವರ್' ಅಂತ ಬರೆಯುತ್ತದೆ. ನಾನು ತಿದ್ದಿದರೆ 'ಮೇಡಂ ಹೀಗೇ ಹೇಳಿದ್ದು' ಅಂತ ಜಗಳ. ಕಿವಿಗೆ ಕೇಳುವ ಉಚ್ಚಾರಣೆ ನೋಡು, ಅಕ್ಷರ ನೋಡಬೇಡ ಅಂತ ಒಂದು ಮಾತು ಸೇರಿಸಿದರೆ ನಮಗೂ ಉಪಕಾರ. ಕನ್ನಡದಲ್ಲಿ 'ಎ', 'ಆ್ಯನ್', 'ದ' ಥರದ ಆರ್ಟಿಕಲ್ ಇಲ್ಲ, ಪ್ರಪಂಚದ ಇನ್ನೂ ಎಷ್ಟೋ ಭಾಷೆಗಳಲ್ಲಿ ಇಲ್ಲ. ಅಂಥ ಮನೆಮಾತಿನಿಂದ ಬಂದ ಮಗುವಿಗೆ ಇದು ಮೊದಲೇ ತಲೆನೋವು. ಸ್ಪೆಲ್ಲಿಂಗ್ ಬಗ್ಗೆಯೂ ಅಷ್ಟೇ. ಸಾಲ ಅನ್ನುವ ಅರ್ಥದ 'ಡೆಟ್' ಪದದಲ್ಲಿ ಬಿ ಯಾಕಿದೆ ಅಂತ ಮಗು ಕೇಳಿದರೆ 'ಅದು ಹಾಗೇ' ಅನ್ನಬೇಡಿ. ಹಿಂದೆ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಮೂಲವನ್ನು ತೋರಿಸಬೇಕು ಅಂತ ಪಂಡಿತರು ಆಮೇಲೆ ಸೇರಿಸಿದರು. ಕ್ಯಾಕ್ಸ್‌ಟನ್ ಅನ್ನುವವನು 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ಮೇಲೆ ಬರವಣಿಗೆ ನಿಧಾನಕ್ಕೆ ಒಂದು ರೂಪಕ್ಕೆ ನಿಂತಿತು, ಬಾಯಿಮಾತು ಮಾತ್ರ ಬದಲಾಗುತ್ತಲೇ ಹೋಯಿತು. ಅದಕ್ಕೇ ಇಷ್ಟೆಲ್ಲ ಮೌನ ಅಕ್ಷರಗಳು. ತಪ್ಪು ತನ್ನ ತಲೆಯದ್ದಲ್ಲ, ಆ ಭಾಷೆಯ ಚರಿತ್ರೆಯದ್ದು ಅಂತ ಗೊತ್ತಾದರೆ ಮಗುವಿನ ಅರ್ಧ ಭಯ ಹೋಗುತ್ತದೆ.

ಕೆಂಪು ಪೆನ್ನಿನ ಬಗ್ಗೆ ಹೇಳದೆ ಇರಲು ಆಗುವುದಿಲ್ಲ. ಮಗು ತಾನೇ ಕಷ್ಟಪಟ್ಟು ಬರೆದ ಒಂದು ಪುಟದ ಪ್ರಬಂಧ ನಿಮ್ಮಿಂದ ವಾಪಸ್ ಬರುತ್ತದೆ. ಪುಟದ ತುಂಬ ಗೀರು. ಪ್ರತಿಯೊಂದು 'ದ' ತಿದ್ದಿದ್ದೀರಿ, ಪ್ರತಿಯೊಂದು ಟೆನ್ಸ್ ತಿದ್ದಿದ್ದೀರಿ. ಎಷ್ಟು ಹೊತ್ತು ಹಿಡಿದಿರಬೇಕು ನಿಮಗೆ, ಪಾಪ. ಮಗು ಅದನ್ನು ನೋಡುವುದು ಎಷ್ಟು ಹೊತ್ತು ಗೊತ್ತಾ? ಕೆಳಗಿರುವ ಅಂಕ ಕಾಣುವವರೆಗೆ. ಮುಂದಿನ ಪ್ರಬಂಧವನ್ನು ಅದು ನನ್ನ ಹತ್ತಿರ ತಂದು, 'ನೀವೇ ಹೇಳಿಬಿಡಿ, ತಪ್ಪಿಲ್ಲದ ಹಾಗೆ' ಅನ್ನುತ್ತದೆ. ಅಂದರೆ ಆ ಗೀರುಗಳೇ ಮಗುವನ್ನು ಬರೆಸಿಕೊಳ್ಳುವ ಕಡೆಗೆ ತಳ್ಳಿದವು.

ಎರಡನೆಯ ಭಾಷೆಯಾಗಿ ಇಂಗ್ಲಿಷ್ ಕಲಿಯುವವರ ಗ್ರಾಮರ್ ತಪ್ಪುಗಳನ್ನು ತಿದ್ದುವುದರಿಂದ ಪ್ರಯೋಜನವೇ ಇಲ್ಲ, ಬಿಟ್ಟುಬಿಡಿ ಅಂತ ಜಾನ್ ಟ್ರಸ್ಕಾಟ್ ಅನ್ನುವ ಸಂಶೋಧಕ 1996ರಲ್ಲಿ ವಾದಿಸಿದ್ದ. ಇನ್ನೊಬ್ಬ ಸಂಶೋಧಕಿ ಡೇನಾ ಫೆರಿಸ್ ಅದಕ್ಕೆ ಉತ್ತರ ಕೊಟ್ಟು, ಆರಿಸಿ ಸ್ಪಷ್ಟವಾಗಿ ತಿದ್ದಿದರೆ ಉಪಯೋಗವಿದೆ ಅಂದರು. ಜಗಳ ಇನ್ನೂ ಮುಗಿದಿಲ್ಲ. ನನಗೆ ಫೆರಿಸ್ ಹೇಳಿದ್ದೇ ಸರಿ ಅನ್ನಿಸುತ್ತದೆ. ಏನೂ ತಿದ್ದದೆ ಬಿಟ್ಟರೆ ಮಗುವಿಗೂ ಬೇಜಾರು, ಮನೆಯವರಿಗೂ ಅನುಮಾನ. ಆದರೆ ಒಂದು ಸಲಕ್ಕೆ ಒಂದೋ ಎರಡೋ ಬಗೆಯ ತಪ್ಪು ಸಾಕು. ಈ ವಾರ ಬರೀ ಟೆನ್ಸ್. ಪುಟದ ಅಂಚಿನಲ್ಲಿ ಒಂದು ಗುರುತು ಹಾಕಿ, ತಪ್ಪು ಎಲ್ಲಿದೆ ಅಂತ ಮಗುವೇ ಹುಡುಕಲಿ. ಮುಖ್ಯವಾಗಿ, ಅದೇ ಪ್ರಬಂಧವನ್ನು ಎರಡನೇ ಸಲ ಬರೆಯಲು ಕೊಡಿ. ಆ ಎರಡನೇ ಸಲಕ್ಕೂ ಅಂಕ ಇರಲಿ. ಹೊಸ ವಿಷಯದ ಮೇಲೆ ನಾಲ್ಕು ಪ್ರಬಂಧ ಬರೆಯುವುದಕ್ಕಿಂತ ಒಂದನ್ನೇ ತಿದ್ದಿ ತಿದ್ದಿ ಬರೆಯುವ ಹೋಂವರ್ಕ್‌ಗೆ ನಾನು ಖುಷಿಯಿಂದ ಕೂರುತ್ತೇನೆ. ಅಲ್ಲಿ ನನಗೆ ಮಾಡಲು ಕೆಲಸವಿದೆ. 'ಇಲ್ಲಿ ನನಗೆ ಅರ್ಥ ಆಗಲಿಲ್ಲ, ಏನು ಹೇಳಬೇಕು ಅಂತಿದ್ದೆ?' ಅಂತ ಓದುಗಳಾಗಿ ಕೇಳಬಹುದು.

ಈಗ ಎಲ್ಲರೂ ಮಾತಾಡುವ ವಿಷಯ. 2022ರ ನವೆಂಬರ್ 30ರಂದು, ಕೇಳಿದ್ದನ್ನು ತಾನೇ ಬರೆದುಕೊಡುವ ಎಐ (ಕೃತಕ ಬುದ್ಧಿಮತ್ತೆ) ಚಾಟ್‌ಜಿಪಿಟಿ ಬಂತು. ಗೈಡ್ ನೋಡಿ ಬರೆಯಲು ಕಡೇಪಕ್ಷ ಕೈ ನೋಯುತ್ತಿತ್ತು, ಈಗ ಅದೂ ಇಲ್ಲ. ನಿಮಗೆ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟಿನಲ್ಲಿ ಎಐ ಬರೆದದ್ದೋ ಅಲ್ಲವೋ ಅಂತ ಹೇಳುವ 'ಎಐ ಡಿಟೆಕ್ಟರ್' ಅನ್ನುವ ಸಾಧನಕ್ಕೆ ಮಕ್ಕಳ ಪ್ರಬಂಧ ಹಾಕಿ ತೀರ್ಪು ಕೊಡಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥದೊಂದು ಸಾಧನವನ್ನು 2023ರ ಜನವರಿಯಲ್ಲಿ ಬಿಟ್ಟು, ಸರಿಯಾಗಿ ಕಂಡುಹಿಡಿಯುತ್ತಿಲ್ಲ ಅಂತ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಏಳು ಡಿಟೆಕ್ಟರ್‌ಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಹಾಕಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿಯನ್ನು ಯಂತ್ರ ಬರೆದದ್ದು ಅಂತ ಅವು ಹೇಳಿದವು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳು ಬರೆದದ್ದನ್ನು ಮಾತ್ರ ಹೆಚ್ಚುಕಡಿಮೆ ಸರಿಯಾಗಿ ಗುರುತಿಸಿದವು. ಯಾಕೆ ಹೀಗೆ? ಎರಡನೆಯ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಸರಳ ಪದಗಳನ್ನೇ, ಕಲಿತ ಅಚ್ಚಿನಲ್ಲೇ ಬರೆಯುತ್ತಾರೆ. ಮುಂದಿನ ಪದವನ್ನು ಊಹಿಸುವುದು ಸುಲಭ. ಡಿಟೆಕ್ಟರ್ ಅದನ್ನೇ ಯಂತ್ರದ ಲಕ್ಷಣ ಅಂದುಕೊಳ್ಳುತ್ತದೆ. ಅಂದರೆ ನೀವು ಕಲಿಸಿದ ಹಾಗೇ ಅಚ್ಚುಕಟ್ಟಾಗಿ ಬರೆದ ಮಗುವೇ ಕಳ್ಳ ಅನ್ನಿಸಿಕೊಳ್ಳುತ್ತದೆ.

ಅದರ ಬದಲು ಮಗುವನ್ನು ಎರಡು ನಿಮಿಷ ಹತ್ತಿರ ಕರೆದು, 'ಈ ಸಾಲು ಚೆನ್ನಾಗಿದೆ, ಏನು ಯೋಚಿಸಿ ಬರೆದೆ?' ಅಂತ ಕೇಳಿ. ಮನೆಮಾತಿನಲ್ಲೇ ಉತ್ತರ ಹೇಳಲಿ. ತಾನೇ ಬರೆದಿದ್ದರೆ ಹೇಳುತ್ತದೆ. ಬರೆಸಿಕೊಂಡಿದ್ದರೆ ತೊದಲುತ್ತದೆ. ಅದು ಯಾರು ಬರೆದುಕೊಟ್ಟರೂ ಅಷ್ಟೇ, ಯಂತ್ರವಾಗಲಿ, ಟ್ಯೂಷನ್ನಿನವರಾಗಲಿ, ನಾನಾಗಲಿ.

ಮನೆಮಾತಿನ ವಿಷಯ ಬಂತು, ಹೇಳಿಬಿಡುತ್ತೇನೆ. 'ಮನೆಯಲ್ಲಿ ಇಂಗ್ಲಿಷ್‌ನಲ್ಲೇ ಮಾತಾಡಿಸಿ, ಇಂಗ್ಲಿಷ್‌ನಲ್ಲೇ ವಿವರಿಸಿ' ಅಂತ ನೀವು ಪೋಷಕರಿಗೆ ಹೇಳಿ ಕಳಿಸುತ್ತೀರಿ. ಇದು ಒಳ್ಳೆಯ ಮನಸ್ಸಿನಿಂದ ಕೊಟ್ಟ ಕೆಟ್ಟ ಸಲಹೆ. ಅಪ್ಪ ಅಮ್ಮ ತಮಗೆ ಬರುವ ಅರೆಬರೆ ಇಂಗ್ಲಿಷ್‌ನಲ್ಲಿ ಪದ್ಯದ ಬಗ್ಗೆ ಮಾತಾಡಲು ಹೋಗಿ ಎರಡೇ ವಾಕ್ಯಕ್ಕೆ ನಿಲ್ಲಿಸಿಬಿಡುತ್ತಾರೆ. ಕನ್ನಡದಲ್ಲೋ ಇನ್ಯಾವುದೋ ಭಾಷೆಯಲ್ಲೋ ಆಗಿದ್ದರೆ ಅರ್ಧ ಗಂಟೆ ಮಾತಾಡುತ್ತಿದ್ದರು. ಒಂದು ಕಥೆಯಲ್ಲಿ ಮುದುಕಿ ಮಗನಿಗೆ ಯಾಕೆ ಸುಳ್ಳು ಹೇಳಿದಳು ಅಂತ ಯೋಚಿಸಲು ಇಂಗ್ಲಿಷ್ ಬೇಕಿಲ್ಲ. ಯೋಚಿಸಿ ಆದ ಮೇಲೆ ಬರೆಯಲು ಇಂಗ್ಲಿಷ್ ಬೇಕು. ಯೋಚನೆ ಇಲ್ಲದಿದ್ದರೆ ಬರೆಯುವುದಾದರೂ ಏನನ್ನು? ಮೊದಲು ಮನೆಮಾತಿನಲ್ಲಿ ಚರ್ಚೆ, ಆಮೇಲೆ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು. ಇಷ್ಟಕ್ಕೆ ನಿಮ್ಮ ಒಪ್ಪಿಗೆ ಸಿಕ್ಕರೆ ಇಂಗ್ಲಿಷ್ ಬರದ ಎಷ್ಟೋ ಮನೆಯವರು ಇಂಗ್ಲಿಷ್ ಹೋಂವರ್ಕ್‌ಗೆ ಧೈರ್ಯವಾಗಿ ಕೂರುತ್ತಾರೆ.

ನಮ್ಮ ಕಡೆಯ ಮಾತನ್ನೂ ಹೇಳಬೇಕು. ಮನೆಯವರ ಸಹಾಯ ಅಂದರೆ ಯಾವಾಗಲೂ ಒಳ್ಳೆಯದೇ ಅಂತ ಭಾವಿಸಬೇಡಿ. ಕೀತ್ ರಾಬಿನ್‌ಸನ್, ಏಂಜೆಲ್ ಹ್ಯಾರಿಸ್ ಅನ್ನುವ ಸಂಶೋಧಕರು ಅಮೆರಿಕದ ದೊಡ್ಡ ಸಮೀಕ್ಷೆಗಳನ್ನು ಜಾಲಾಡಿ 2014ರಲ್ಲಿ ಒಂದು ಪುಸ್ತಕ ಬರೆದರು. ಪೋಷಕರು ಹೋಂವರ್ಕ್‌ಗೆ ಸಹಾಯ ಮಾಡುವುದರಿಂದ ಮಕ್ಕಳ ಅಂಕ ಸಾಮಾನ್ಯವಾಗಿ ಏರುವುದಿಲ್ಲ, ಕೆಲವೊಮ್ಮೆ ಇಳಿಯುತ್ತದೆ ಅಂತ ಅವರಿಗೆ ಕಂಡಿತು. ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ರಾತ್ರಿ ಒಂಬತ್ತಾಗಿದೆ, ಮಗುವಿಗೆ ನಿದ್ದೆ, ಅಮ್ಮನಿಗೆ ಸುಸ್ತು, ಇನ್ನೂ ಆರು ಪ್ರಶ್ನೆ ಬಾಕಿ. ಆ ಹೊತ್ತಿನಲ್ಲಿ ಯಾರು ತಾನೇ 'ಎಲ್ಲಿದೆ, ತೋರಿಸು' ಅಂತ ಕೂರುತ್ತಾರೆ? ಉತ್ತರ ಹೇಳಿ ಮುಗಿಸುತ್ತಾರೆ. ಹಾಗಾಗಿ ಪ್ರಶ್ನೆಗಳು ಕಡಿಮೆ ಇರಲಿ. ಹತ್ತರ ಬದಲು ಎರಡು. ಮಗು ತಾನೇ ಬರೆಯಲು ಬೇಕಾದ ಹೊತ್ತು ಆಗ ಸಿಗುತ್ತದೆ.

ಹೋಂವರ್ಕ್ ಕೆಳಗೆ ಒಂದು ಸಾಲು ಸೇರಿಸಿ: ಸಹಾಯ ಎಲ್ಲಿಯವರೆಗೆ ಮಾಡಬಹುದು. 'ಕಷ್ಟದ ಪದಗಳ ಅರ್ಥ ಹೇಳಬಹುದು, ವಾಕ್ಯ ಹೇಳಬೇಡಿ.' 'ಮನೆಮಾತಿನಲ್ಲಿ ಚರ್ಚಿಸಿ, ಬರೆದದ್ದನ್ನು ತಿದ್ದಬೇಡಿ, ತಪ್ಪುಗಳು ನನಗೆ ಬೇಕು.' 'ಈ ಸಲ ಎಐ ಬಳಸಬಹುದು, ಏನು ಕೇಳಿದೆ ಅಂತ ಕೊನೆಯಲ್ಲಿ ಬರೆ.' ಈಗ ನಮಗೆ ಗೆರೆ ಎಲ್ಲಿದೆ ಅಂತಲೇ ಗೊತ್ತಿಲ್ಲ. ಸ್ವಲ್ಪ ತಿದ್ದಿದರೆ ಸಹಾಯವೋ ಮೋಸವೋ ಅಂತ ಒಬ್ಬೊಬ್ಬರದು ಒಂದೊಂದು ಲೆಕ್ಕ. ತಪ್ಪಿಲ್ಲದ ನೋಟ್‌ಬುಕ್ ಕಳಿಸುವುದೇ ಒಳ್ಳೆಯ ಪೋಷಕರ ಲಕ್ಷಣ ಅಂದುಕೊಂಡವರು ಬಹಳ. 'ತಪ್ಪುಗಳು ನನಗೆ ಬೇಕು' ಅಂತ ನಿಮ್ಮ ಕೈಬರಹದಲ್ಲಿ ಬಂದರೆ ನಾವೂ ಪೆನ್ನು ಕೆಳಗಿಡುತ್ತೇವೆ, ಮಗುವೂ ಹೆದರದೆ ಬರೆಯುತ್ತದೆ. 'ನನಗೆ ಗೊತ್ತಾಗಲಿಲ್ಲ, ಈ ಸಾಲಿನಲ್ಲಿ ಸಿಕ್ಕಿಕೊಂಡೆ' ಅಂತ ಬರೆದುಕೊಂಡು ಬಂದ ಮಗುವಿಗೂ ಒಂದಿಷ್ಟು ಅಂಕ ಕೊಡಿ. ಎಲ್ಲಿ ಸಿಕ್ಕಿಕೊಂಡಿತು ಅಂತ ಹೇಳಲು ಅದು ಓದಿರಲೇಬೇಕು ತಾನೇ.

ಸಿಲಬಸ್ ಮುಗಿಸಬೇಕು, ಪರೀಕ್ಷೆಯಲ್ಲಿ ಬರುವುದು ಹಳೇ ಥರದ ಪ್ರಶ್ನೆಗಳೇ, ನಮ್ಮ ಕೈಯಲ್ಲಿ ಏನಿದೆ ಅಂತ ನೀವು ಕೇಳಬಹುದು. ಪರೀಕ್ಷೆ ನಿಮ್ಮ ಕೈಯಲ್ಲಿ ಇಲ್ಲ, ಒಪ್ಪಿದೆ. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಬೇರೆಯೇ ಪತ್ರ ಬರೆಯಬೇಕು. ಆದರೆ ನಾಳೆಯ ಹೋಂವರ್ಕ್ ನಿಮ್ಮ ಕೈಯಲ್ಲೇ ಇದೆ. ಮುಂದಿನ ಪಾಠಕ್ಕೆ ಪ್ರಶ್ನೆ ಬರೆಸುವ ಮುಂಚೆ ಅದನ್ನು ಒಂದು ಸಲ ಚಾಟ್‌ಜಿಪಿಟಿಗೆ ಹಾಕಿ ನೋಡಿ. ಬಂದ ಉತ್ತರಕ್ಕೆ ನೀವು ಪೂರ್ತಿ ಅಂಕ ಕೊಡುವಿರಾದರೆ ಆ ಪ್ರಶ್ನೆಯನ್ನು ಕ್ಲಾಸಿನಲ್ಲೇ, ನಿಮ್ಮೆದುರಿಗೇ ಕೇಳಿ. ಮನೆಗೆ ಕಳಿಸಬೇಡಿ.

ಇಂತಿ,
ಸಂಜೆ ಮಕ್ಕಳ ಪಕ್ಕ ಕೂರುವ ಒಬ್ಬಳು